ಇಂಡಿಯನ್ ಸ್ಟೋರ್ ಇಲ್ಲದ ಊರಲ್ಲಿ ರಾಗಿ, ಬ್ಯಾಡಗಿ, ಸೊಪ್ಪು ಎಲ್ಲಿ ಹುಡುಕುವುದು?

ನುಗ್ಗೆಕಾಯಿ:
ಇರುವುದು ಅಮೆರಿಕದ ಸಣ್ಣ ಊರು. ಇಂಡಿಯನ್ ಸ್ಟೋರ್‌ಗೆ ಎರಡು ಗಂಟೆ ಡ್ರೈವ್. ಹತ್ತಿರದಲ್ಲೇ ಒಂದು ಮೆಕ್ಸಿಕನ್ ಅಂಗಡಿ, ಒಂದು ವಿಯೆಟ್ನಾಮಿ ಸೂಪರ್‌ಮಾರ್ಕೆಟ್, ಕೀನ್ಯಾದವರ ಒಂದು ಅಂಗಡಿ ಇವೆ. ನಮ್ಮ ಅಡುಗೆಗೆ ಅಲ್ಲಿ ಏನೇನು ಸಿಗಬಹುದು? ಇನ್ನೊಂದು ಪ್ರಶ್ನೆ: ತಾಯ್ಲೆಂಡಿನ ಅಕ್ಕಿಹಿಟ್ಟಲ್ಲಿ ರೊಟ್ಟಿ ತಟ್ಟಿದರೆ ಕೈಗೂ ಕಾವಲಿಗೂ ಅಂಟಿಕೊಳ್ಳುತ್ತೆ, ಯಾಕೆ?

ಒರಳುಕಲ್ಲು:
ನೀವು ತಂದಿರುವುದು ಅಂಟಕ್ಕಿಯ ಹಿಟ್ಟು. ಎರಾವಾನ್ ಬ್ರಾಂಡಿನಲ್ಲಿ ಹಸಿರು ಅಕ್ಷರದ ಪೊಟ್ಟಣ ಅಂಟಕ್ಕಿಯದು, ಕೆಂಪು ಅಕ್ಷರದ್ದು ಮಾಮೂಲಿ ಅಕ್ಕಿಯದು. ಬೇರೆ ಬ್ರಾಂಡಾದರೆ ಬಣ್ಣ ನಂಬಬೇಡಿ. ‘ಗ್ಲುಟಿನಸ್’ ಅಂತಲೋ ವಿಯೆಟ್ನಾಮಿಯಲ್ಲಿ ‘ನೆಪ್’ ಅಂತಲೋ ಇದ್ದರೆ ಅಲ್ಲೇ ಬಿಡಿ. ಆ ಅಕ್ಕಿಯ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಅಮೈಲೋಪೆಕ್ಟಿನ್ ಎಂಬ ಅಂಟುವ ಬಗೆಯದು, ಅದಕ್ಕೇ ಅಂಟು. ಎಷ್ಟು ಹಿಟ್ಟು ಉದುರಿಸಿದರೂ ರೊಟ್ಟಿ ಆಗುವುದಿಲ್ಲ.

ಕೆಂಪು ಪೊಟ್ಟಣದ ಹಿಟ್ಟು ತುಂಬಾ ನುಣುಪು. ತಣ್ಣೀರಲ್ಲಿ ಕಲಸಿದರೆ ಅಂಚು ಒಡೆಯುತ್ತೆ. ಒಂದು ಲೋಟ ಹಿಟ್ಟಿಗೆ ಸುಮಾರು ಒಂದು ಲೋಟ ಕುದಿಯುವ ನೀರು, ಉಪ್ಪು, ಒಂದು ಚಮಚ ಎಣ್ಣೆ. ಸೌಟಿನಲ್ಲಿ ಕಲಕಿ, ಹತ್ತು ನಿಮಿಷ ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದಿ.

ರಾಗಿ ಕೀನ್ಯಾದವರ ಅಂಗಡಿಯಲ್ಲೇ ಸಿಗುತ್ತೆ. ಅಲ್ಲಿ ಅದರ ಹೆಸರು ‘ವಿಂಬಿ’ ಅಥವಾ ‘ಉಲೇಜಿ’. ನಮ್ಮ ರಾಗಿಯೇ, ಬೇರೆ ಧಾನ್ಯವಲ್ಲ. ಆದರೆ ‘ಉಜಿ’ ಅಂದರೆ ಗಂಜಿ. ಉಜಿ ಹಿಟ್ಟಿನಲ್ಲಿ ಜೋಳ, ಮೆಕ್ಕೆಜೋಳ, ಮರಗೆಣಸು ಬೆರೆಸಿರುವುದು ಸಾಮಾನ್ಯ, ಪೊಟ್ಟಣದ ಹಿಂದೆ ಓದಿಯೇ ಕೊಳ್ಳಿ. ಮೊಳಕೆ ಕಟ್ಟಿ ಬೀಸಿದ ಹಿಟ್ಟೂ ಮುದ್ದೆಗೆ ಆಗದು: ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಒಂದಕ್ಕೆರಡು ನೀರಿಟ್ಟು ತಿರುವಿದರೂ ಮುದ್ದೆ ಕಟ್ಟದೆ ಅಂಬಲಿಯಾಗುತ್ತೆ. ಇಥಿಯೋಪಿಯಾದ ಟೆಫ್ ಬೇರೆಯೇ ಧಾನ್ಯ, ರಾಗಿಯಲ್ಲ.

ಹುಳಿಪುಡಿ:
ಮೆಕ್ಸಿಕನ್ ಅಂಗಡಿಯಲ್ಲಿ ಬ್ಯಾಡಗಿಗೆ ತೀರಾ ಹತ್ತಿರದ್ದು ಗ್ವಾಹೀಯೊ ಮೆಣಸಿನಕಾಯಿ. ಬಣ್ಣ ಚೆನ್ನಾಗಿ ಬಿಡುತ್ತೆ, ಖಾರ ಬ್ಯಾಡಗಿಗಿಂತ ಕಡಿಮೆ. ಹತ್ತು ಬ್ಯಾಡಗಿ ಹಾಕುವ ಕಡೆ ನಾಲ್ಕು ಗ್ವಾಹೀಯೊ, ಖಾರಕ್ಕೆ ಎರಡು ಆರ್ಬೋಲ್ ಮೆಣಸಿನಕಾಯಿ. ಸಿಪ್ಪೆ ದಪ್ಪ, ಬೀಜ ತೆಗೆದು ಬಿಸಿನೀರಲ್ಲಿ 20 ನಿಮಿಷ ನೆನೆಸಿ ರುಬ್ಬಿ, ಇಲ್ಲದಿದ್ದರೆ ಹುಳಿಯಲ್ಲಿ ಚೂರು ಬಾಯಿಗೆ ಸಿಗುತ್ತೆ. ಕಪ್ಪಗೆ ಸುಕ್ಕುಗಟ್ಟಿದ ಆಂಚೊ ತರಬೇಡಿ, ಅದರ ಒಣದ್ರಾಕ್ಷಿ ರುಚಿ ಸಾರಿಗೆ ಸೇರುವುದಿಲ್ಲ.

ಪಿಲೋನ್ಸಿಯೊ ನಮ್ಮ ಬೆಲ್ಲವೇ, ಕಲ್ಲಿನಷ್ಟು ಗಟ್ಟಿ. ಕುಟ್ಟುವ ಬದಲು ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿಕೊಳ್ಳಿ.

ಫ್ರೀಜರಿನಲ್ಲಿ ‘ಗಂಡೂಲೆಸ್’ ಇದೆಯಾ ನೋಡಿ. ಅದು ಹಸಿ ತೊಗರಿಕಾಳು! ನೆನೆಸುವ ಗೋಜಿಲ್ಲ, ಉಪ್ಸಾರಿಗೆ ಇದಕ್ಕಿಂತ ಬೇರೆ ಬೇಕಿಲ್ಲ. ಒಣ ಗಂಡೂಲೆಸ್ ಸಿಪ್ಪೆ ಸಮೇತ ಇರುತ್ತೆ, ರಾತ್ರಿಯಿಡೀ ನೆನೆಯಬೇಕು. ಬೇಳೆಯ ಹಾಗೆ ಕರಗುವುದಿಲ್ಲ, ತಿಳಿಸಾರಿಗಾದರೆ ಮಸೆದು ಸೋಸಿ.

ನುಗ್ಗೆಕಾಯಿ:
ಉಪ್ಸಾರು ಅಂತ ಓದಿಯೇ ಖುಷಿಯಾಯ್ತು. ಗ್ವಾಹೀಯೊದಲ್ಲಿ ಸಾರಿನ ಪುಡಿ ಮಾಡಿದರೆ ಪುಡಿಯಾಗದೆ ಜಗ್ಗುತ್ತಿದೆ.

ಹುಳಿಪುಡಿ:
ಒಳಗೆ ತೇವ ಉಳಿದಿರುತ್ತೆ. ಬೀಜ ತೆಗೆದು, ಕತ್ತರಿಯಲ್ಲಿ ಚೂರು ಮಾಡಿ, ತೀರಾ ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಲು ಬಿಡಿ. ಆರಿದ ಮೇಲೆ ಚಟಕ್ಕನೆ ಮುರಿದರೆ ಮಿಕ್ಸಿಗೆ, ಬಾಗಿದರೆ ಮತ್ತೆ ಬಾಣಲೆಗೆ. ಉರಿ ಜೋರು ಮಾಡಿದರೆ ಕಪ್ಪಾಗಿ ಇಡೀ ಪುಡಿ ಕಹಿ.

ಬಸಳೆ ಚಪ್ಪರ:
ವಿಯೆಟ್ನಾಮಿ ಅಂಗಡಿಗೆ ಹೋದರೆ ಮೊದಲು ಸೊಪ್ಪಿನ ಕಡೆ ನಡೆಯಿರಿ. ‘ಮೊಂಗ್ ತೊಯ್’ ನಮ್ಮ ಬಸಳೆ. ಎಲೆಯ ನಡುವೆ ಕೆಂಪು ಇರುವುದು ಹರಿವೆ. ಬೂದುಗುಂಬಳ ತುಂಡು ಮಾಡಿ ಮಾರುತ್ತಾರೆ, ಮಜ್ಜಿಗೆಹುಳಿಗೆ ಒಂದು ತುಂಡು ಸಾಕು. ಸಿಪ್ಪೆ ತೆಗೆದ ಹೆಸರುಬೇಳೆಯೂ ಉಂಟು, ಕೋಸಂಬರಿಗೆ ಒಂದು ಗಂಟೆ ನೆನೆಸಿದರೆ ಸಾಕು. ಅಲ್ಲಿನ ‘ಬ್ಲ್ಯಾಕ್ ಬೀನ್’ ಉದ್ದು ಅಂದುಕೊಂಡು ದೋಸೆಗೆ ನೆನೆಸಬೇಡಿ, ಅದು ಬೇರೆ ಕಾಳು.

ಫ್ರೋಜನ್ ತೆಂಗಿನತುರಿ ತರುವಾಗ ಎರಡು ನೋಡಿ: ಸಕ್ಕರೆ ಸೇರಿಸಿರಬಾರದು, ‘ಯಂಗ್ ಕೋಕೊನಟ್’ ಆಗಿರಬಾರದು. ಎರಡನೆಯದು ಎಳೆಕಾಯಿಯ ಗಂಜಿ. ರುಬ್ಬಿದರೆ ಲೋಳೆ, ಚಟ್ನಿಗೆ ಹಾಲೇ ಬಿಡುವುದಿಲ್ಲ. ಬೇಕಾದಷ್ಟನ್ನೇ ಮುರಿದು ಬಿಸಿನೀರಲ್ಲಿ ಕರಗಿಸಿ ರುಬ್ಬಿ. ಫ್ರಿಜ್‌ನ ತಣ್ಣಗಿನ ತುರಿಯನ್ನು ಹಾಗೇ ರುಬ್ಬಿದರೆ ಕೊಬ್ಬು ಗಟ್ಟಿಯಾಗಿ ಜಾರಿನ ಸುತ್ತ ಬೆಣ್ಣೆಯಂತೆ ಮೆತ್ತಿಕೊಳ್ಳುತ್ತದೆ.