ಕ್ಯಾಚ್ ಹಿಡಿಯಲು ಹೋಗಿ ಬೆರಳ ತುದಿ ಬಾಗಿದೆ, ಎಳೆಸಬಹುದಾ?

ಪ್ರಶ್ನೆ:
ಮಗನಿಗೆ 12 ವರ್ಷ. ನಿನ್ನೆ ಸಂಜೆ ಲೆದರ್ ಬಾಲ್ ನೇರವಾಗಿ ಉಂಗುರ ಬೆರಳ ತುದಿಗೆ ಬಡಿಯಿತು. ಊತ ಜಾಸ್ತಿ ಇಲ್ಲ, ನೋವೂ ಅಷ್ಟಕ್ಕಷ್ಟೇ, ಆದರೆ ತುದಿಯ ಗೆಣ್ಣು ಕೆಳಕ್ಕೆ ಬಾಗಿಕೊಂಡಿದೆ, ಅವನಿಗೇ ಎತ್ತಲು ಆಗುತ್ತಿಲ್ಲ. ಕೋಚ್ ‘ಒಂದ್ಸಲ ಎಳೆದರೆ ಸರಿಹೋಗುತ್ತೆ’ ಅಂತಾರೆ.

ಉತ್ತರ 1:
ದಯವಿಟ್ಟು ಎಳೆಸಬೇಡಿ ಸರ್. ಇದು ಮ್ಯಾಲೆಟ್ ಫಿಂಗರ್ ಥರ ಕಾಣುತ್ತಿದೆ. ತುದಿಯನ್ನು ಎತ್ತುವ ನರದಂಥ ಪಟ್ಟಿ (ಟೆಂಡನ್) ಹರಿದಿರಬಹುದು, ಇಲ್ಲವೇ ಮೂಳೆಯ ಚೂರು ಕಿತ್ತು ಬಂದಿರಬಹುದು, ಮಕ್ಕಳಲ್ಲಿ ಮೂಳೆ ಬೆಳೆಯುವ ಜಾಗಕ್ಕೇ ಪೆಟ್ಟಾಗುವುದೂ ಉಂಟು. ಎಕ್ಸ್‌ರೇ ಬೇಕೇ ಬೇಕು. ಉಗುರಿನ ಬುಡದಲ್ಲಿ ರಕ್ತ ಬಂದಿದ್ದರೆ ಇವತ್ತೇ ಹೋಗಿ.

ಉತ್ತರ 2:
ವಾಲಿಬಾಲ್ ಆಡುವ ನನ್ನ ಮಗಳಿಗೂ ಇದೇ ಆಗಿತ್ತು. ಸಾಮಾನ್ಯವಾಗಿ 6ರಿಂದ 8 ವಾರ ಸ್ಪ್ಲಿಂಟ್ (ಬೆರಳ ತುದಿ ಬಾಗದಂತೆ ಹಿಡಿದಿಡುವ ಆಸರೆ), ಹಗಲೂ ರಾತ್ರಿ. ತೊಳೆಯಲು ತೆಗೆದಾಗಲೂ ಬೆರಳನ್ನು ಮೇಜಿನ ಮೇಲೆ ನೇರವಾಗಿಯೇ ಇಡಬೇಕು, ಒಮ್ಮೆ ಬಾಗಿದರೆ ವಾರಗಳ ಲೆಕ್ಕ ಮತ್ತೆ ಮೊದಲಿಂದ! ಮಕ್ಕಳು ಕೇಳಬೇಕಲ್ವಾ...

ಪ್ರಶ್ನೆ ಕೇಳಿದವರು:
ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿದರೆ ಸಾಲದಾ?

ಉತ್ತರ 1:
ಸಾಲದು. ಅದು ನಡುಗೆಣ್ಣು ಉಳುಕಿದಾಗ ಮಾಡೋದು. ಸದ್ಯಕ್ಕೆ ತುದಿ ನೇರ ಇರುವ ಹಾಗೆ ಐಸ್‌ಕ್ರೀಂ ಕಡ್ಡಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಮೂಳೆ ಡಾಕ್ಟರ ಹತ್ತಿರ ಹೊರಡಿ.