ಫ್ರೀಕ್ಯಾಡ್: ಫ್ಲ್ಯಾಂಜ್ ಅಳತೆ ಬದಲಾಗುವ ಅನಿಮೇಷನ್, 61 ಚಿತ್ರವೂ ಒಂದೇ ಥರ ಬರುತ್ತಿವೆ

ಉದ್ಯಮಬಾಗ_ಲೇತ್:
ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಬರುವ ಎರಕದ ಫ್ಲ್ಯಾಂಜ್‌ಗಳಿಗೆ (ಬೋಲ್ಟ್ ಹಾಕಿ ಜೋಡಿಸಲು ಸುತ್ತ ತೂತಿರುವ ದುಂಡು ತಟ್ಟೆ) ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ಕೊಡುತ್ತೇವೆ. ಹೊರ ಡಯಾ (ವ್ಯಾಸ) 180ರಿಂದ 120 ಎಂಎಂಗೆ ಇಳಿಯುವ ಹಾಗೆ ಒಂದು ವಿಡಿಯೋ ಮಾಡಿ ಗ್ರಾಹಕರಿಗೆ ವಾಟ್ಸಾಪ್ ಮಾಡೋಣ ಅಂತ ಕೂತಿದ್ದೇನೆ.

ಮಾಡೆಲ್ ಇರುವುದು ಫ್ರೀಕ್ಯಾಡ್ ಎಂಬ 3ಡಿ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ, ಅಳತೆ ಎಲ್ಲ ಅದರ ಸ್ಪ್ರೆಡ್‌ಶೀಟ್‌ನಲ್ಲಿವೆ. ಪೈಥಾನ್ ಮ್ಯಾಕ್ರೋ ಪ್ರತಿ ಸುತ್ತಿಗೆ 1 ಎಂಎಂ ಇಳಿಸಿ, ಫಿಟ್ ಆಲ್ (ಮಾಡೆಲ್ ತೆರೆ ತುಂಬುವಂತೆ ಜೂಮ್) ಮಾಡಿ, ಒಂದು ಪಿಎನ್‌ಜಿ ಉಳಿಸುತ್ತದೆ. ಆದರೆ 61 ಚಿತ್ರಗಳಲ್ಲೂ ಅದೇ 180! ಮ್ಯಾಕ್ರೋ ಮುಗಿದ ಮೇಲೆ ನಾನೇ ರಿಫ್ರೆಶ್ ಒತ್ತಿದರೆ 120 ಆಗುತ್ತದೆ. ಯಾಕ್ರಿ ಹಿಂಗ?

ನವನಗರ_ಸ್ಕೆಚ್:
ಉತ್ತರ ನಿಮ್ಮ ಕೊನೆ ಸಾಲಲ್ಲೇ ಇದೆಯಲ್ಲ ಸರ್. ಮ್ಯಾಕ್ರೋ ಶೀಟಿನ ಸೆಲ್ ಬದಲಿಸಿದ ಮಾತ್ರಕ್ಕೆ ಮಾಡೆಲ್ ಬದಲಾಗುವುದಿಲ್ಲ. ನೀವು ಕೈಯಿಂದ ಒತ್ತಿದ ರಿಫ್ರೆಶ್ ಅಂದರೆ ರೀಕಂಪ್ಯೂಟ್, ಹೊಸ ಅಳತೆಗೆ ಮಾಡೆಲ್ ಮತ್ತೆ ಕಟ್ಟುವುದು. ಸೆಲ್‌ಗೆ ಹೊಸ ಅಳತೆ ಹಾಕಿದ ಸಾಲಿನ ಕೆಳಗೇ ಡಾಕ್ಯುಮೆಂಟ್‌ನ ರೀಕಂಪ್ಯೂಟ್ ಕರೆಯಿರಿ. ಅದರ ಕೆಳಗೆ ತೆರೆ ಹೊಸದಾಗಲು ಗುಯಿಯ (ಫ್ರೀಕ್ಯಾಡ್‌ನ ತೆರೆ ನೋಡಿಕೊಳ್ಳುವ ಭಾಗ) ಅಪ್‌ಡೇಟ್‌ಗುಯಿ ಕರೆಯಿರಿ, ಆಮೇಲೆ ಸೇವ್‌ಇಮೇಜ್. ಇದೇ ಕ್ರಮ ಇರಲಿ.

ಉದ್ಯಮಬಾಗ_ಲೇತ್:
ಬದಲಾಯ್ತು! ಆದರೆ ಇನ್ನೆರಡು ತಲೆನೋವು. ಒಂದು, 38ನೇ ಚಿತ್ರದಿಂದ ಮುಂದೆ ಮತ್ತೆ ನಿಂತುಬಿಡುತ್ತದೆ, ಫಿಲೆಟ್ (ಅಂಚಿನ ದುಂಡು) ಮೇಲೆ ಕೆಂಪು ಗುರುತು. ಇನ್ನೊಂದು ತಮಾಷೆ: ಫ್ಲ್ಯಾಂಜ್ ಸಣ್ಣದಾಗುವುದೇ ಕಾಣುವುದಿಲ್ಲ, ತೂತುಗಳು ದೊಡ್ಡವಾದ ಹಾಗೆ ಕಾಣುತ್ತವೆ. ಪಿಸಿಡಿ (ತೂತುಗಳ ನಡುಬಿಂದು ಕೂರುವ ವೃತ್ತದ ವ್ಯಾಸ) 120, ತೂತು 16, ಅಂಚಿನ ಫಿಲೆಟ್ 3, ನಡುವಿನ ಬೋರ್ (ದೊಡ್ಡ ತೂತು) 40.

ನವನಗರ_ಸ್ಕೆಚ್:
ತಮಾಷೆಯದ್ದು ಮೊದಲು. ಪ್ರತಿ ಸುತ್ತಿಗೂ ಫಿಟ್ ಆಲ್ ಮಾಡಿದರೆ ಫ್ಲ್ಯಾಂಜ್ ಕುಗ್ಗಿದಷ್ಟೂ ಕ್ಯಾಮೆರಾ ಹತ್ತಿರ ಹೋಗುತ್ತದೆ. ಹೊರ ಅಂಚು ಅಲ್ಲೇ ಇರುತ್ತದೆ, ತೂತು ಉಬ್ಬುತ್ತವೆ. ಲೂಪ್‌ಗೆ ಮುಂಚೆ 180ರಲ್ಲಿ ಒಮ್ಮೆ ಫಿಟ್ ಮಾಡಿ, ಆಮೇಲೆ ಮುಟ್ಟಬೇಡಿ. ನೋಟ ಆರ್ಥೋಗ್ರಾಫಿಕ್ (ದೂರದ್ದು ಚಿಕ್ಕದಾಗಿ ಕಾಣದ ನೋಟ) ಇಡಿ.

ಇನ್ನು 38. ಸೊನ್ನೆಯಿಂದ ಎಣಿಸಿದ್ದೀರಿ ಅಲ್ವಾ? ಹಾಗಾದರೆ ಅಲ್ಲಿ ಹೊರ ಡಯಾ 142. ನಡುವಿನಿಂದ ಅಂಚಿಗೆ 71. ತೂತಿನ ಹೊರಮೈ 60 ಕೂಡಿಸು 8, ಅಂದರೆ 68. ಉಳಿದದ್ದು ಬರೀ 3 ಎಂಎಂ. ಅಷ್ಟೂ ಜಾಗ ನಿಮ್ಮ ಫಿಲೆಟ್‌ಗೇ ಬೇಕು. ಅಲ್ಲಿಂದ ಕೆಳಗೆ ಫಿಲೆಟ್ ಕೂರುವುದಿಲ್ಲ, ಹಳೆಯ ಆಕಾರವೇ ತೆರೆಯ ಮೇಲೆ ಉಳಿಯುತ್ತದೆ. ಇದು ಸಾಫ್ಟ್‌ವೇರ್ ತಪ್ಪಲ್ಲ, ಶಾಪ್‌ನಲ್ಲೂ ಆ ಪೀಸ್ ಆಗುವುದಿಲ್ಲ. ಪಿಸಿಡಿ ಸೆಲ್‌ನಲ್ಲಿ 120 ಅಂತ ಬರೆಯುವ ಬದಲು ಹೊರ ಡಯಾ ಕಳೆ 30 ಅಂತ ಸೂತ್ರ ಹಾಕಿ. ಆಗ ತೂತಿನಿಂದ ಅಂಚಿಗೆ ಯಾವಾಗಲೂ 7 ಎಂಎಂ ಇರುತ್ತದೆ. 120ಕ್ಕೆ ಬಂದಾಗ ಪಿಸಿಡಿ 90, ಬೋರ್ ಕಡೆಗೂ 17 ಎಂಎಂ ಉಳಿಯುತ್ತದೆ, ಚಿಂತೆಯಿಲ್ಲ.

ಉದ್ಯಮಬಾಗ_ಲೇತ್:
61 ಚಿತ್ರವೂ ಸರಿಯಾಗಿ ಬಂದವು. ಎಫ್‌ಎಫ್‌ಎಂಪೆಗ್ (ಚಿತ್ರ ಸೇರಿಸಿ ವಿಡಿಯೋ ಮಾಡುವ ಪ್ರೋಗ್ರಾಂ) ಮಾತ್ರ ಎತ್ತರ 2ರಿಂದ ಭಾಗವಾಗುವುದಿಲ್ಲ ಅಂತ ರಗಳೆ ಮಾಡಿತು. 767 ಇತ್ತು, ಚಿತ್ರದ ಅಳತೆ 1280ಕ್ಕೆ 720 ಪಿಕ್ಸೆಲ್ ಮಾಡಿ ಮತ್ತೆ ಓಡಿಸಿದೆ. ಸೆಕೆಂಡಿಗೆ 24 ಚಿತ್ರ, ಎರಡೂವರೆ ಸೆಕೆಂಡಿನ ವಿಡಿಯೋ. ಬೆಣ್ಣೆ ಹಾಗೆ ಬಂದಿದೆ.

ಆದರೆ ಗ್ರಾಹಕರೊಬ್ಬರು ನೋಡಿ ಫೋನ್ ಮಾಡಿ "157ರದ್ದು ಒಂದಕ್ಕೆ ಎಷ್ಟು?" ಅಂದರು. ಫೌಂಡ್ರಿಯಲ್ಲಿ ಪ್ಯಾಟರ್ನ್ (ಎರಕದ ಅಚ್ಚು ಮಾಡುವ ಮಾದರಿ) ಇರುವುದು 180, 150, 120ಕ್ಕೆ ಮಾತ್ರ!

ನವನಗರ_ಸ್ಕೆಚ್:
😄 ಹಾಗಾದರೆ 1 ಎಂಎಂ ಇಳಿಸುವ ಲೂಪ್ ತೆಗೆಯಿರಿ. ಮೂರೇ ಅಳತೆಯ ಪಟ್ಟಿ ಕೊಟ್ಟು, ಒಂದೊಂದು ಅಳತೆಯ ಚಿತ್ರವನ್ನು 24 ಸಲ ಉಳಿಸಿ. ಒಂದೊಂದೂ ಒಂದು ಸೆಕೆಂಡ್ ನಿಲ್ಲುತ್ತದೆ. ಮೂಲೆಯಲ್ಲಿ ಡಯಾ ಬರೆಯುವುದು ಮರೆಯಬೇಡಿ.