ಫ್ರೀಕ್ವೆನ್ಸಿಗೆ 'ತರಂಗಾಂತರ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ,

ಡಿಪ್ಲೊಮಾ ಓದೋ ಹುಡುಗ್ರಿಗೆ ಅಂತ ಮೊಬೈಲ್ ನೆಟ್‌ವರ್ಕ್ ಹೇಗೆ ಕೆಲ್ಸ ಮಾಡುತ್ತೆ ಅನ್ನೋದನ್ನ ಕನ್ನಡದಲ್ಲೇ ಬರೀತಿದೀನಿ, ಒಂದು ವಾಕ್ಯದ ಹತ್ರ ಬಂದು ನಿಂತಿದೀನಿ. ಫ್ರೀಕ್ವೆನ್ಸಿ, ಅಂದ್ರೆ ಸೆಕೆಂಡಿಗೆ ಎಷ್ಟು ಅಲೆ ಅನ್ನೋ ಲೆಕ್ಕ, ಜಾಸ್ತಿ ಆದಷ್ಟೂ ಅಲೆಯ ಉದ್ದ ಕಮ್ಮಿ ಆಗುತ್ತೆ, ಹೇಳ್ಬೇಕಿರೋದು ಇಷ್ಟೇ. ಆದ್ರೆ ಪೇಪರ್‌ಗಳಲ್ಲಿ ಸ್ಪೆಕ್ಟ್ರಂ (ಮೊಬೈಲ್ ಕಂಪನಿಗಳಿಗೆ ಕೊಡೋ ಫ್ರೀಕ್ವೆನ್ಸಿಗಳು) ಹರಾಜಿಗೆ 'ತರಂಗಾಂತರ ಹರಾಜು' ಅಂತ ಬರೀತಾರೆ, ಫ್ರೀಕ್ವೆನ್ಸಿಗೂ ಎಷ್ಟೋ ಕಡೆ ಅದೇ ಪದ, ಬಿಡಿಸಿ ನೋಡಿದ್ರೆ ಮಾತ್ರ ಅದು ಒಂದು ಅಲೆಗೂ ಇನ್ನೊಂದು ಅಲೆಗೂ ಇರೋ ಅಂತರ, ಅಂದ್ರೆ ವೇವ್‌ಲೆಂಗ್ತ್. ಹಾಗಾಗಿ 'ತರಂಗಾಂತರ ಹೆಚ್ಚಿದರೆ ತರಂಗಾಂತರ ಕಡಿಮೆಯಾಗುತ್ತದೆ' ಅಂತ ಬರೆಯೋ ಪರಿಸ್ಥಿತಿ.

ಇದು ಬರೀ ಪದದ ತಕರಾರಲ್ಲ, ಪಾಠ ನಿಂತಿರೋದೇ ಇದ್ರ ಮೇಲೆ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಅದರ ಅಲೆ ಸುಮಾರು 490 ಮೀಟರ್ ಉದ್ದ. ಎಫ್ಎಂ ಕಾಮನಬಿಲ್ಲು 101.3 ಮೆಗಾಹರ್ಟ್ಸ್, ಅಲ್ಲಿ ಹತ್ರಹತ್ರ 3 ಮೀಟರ್. 900 ಮೆಗಾಹರ್ಟ್ಸ್ ಮೊಬೈಲ್ ಸಿಗ್ನಲ್ 33 ಸೆಂಟಿಮೀಟರ್, 5ಜಿಯ 3.5 ಗಿಗಾಹರ್ಟ್ಸ್‌ಗೆ ಬಂದ್ರೆ ಎಂಟೂವರೆ ಸೆಂಟಿಮೀಟರ್ ಅಷ್ಟೇ. ಫ್ರೀಕ್ವೆನ್ಸಿ ಮೇಲಕ್ಕೆ ಹೋದಷ್ಟೂ ಸಿಗ್ನಲ್ ಗೋಡೆ ದಾಟಿ ಒಳಗೆ ಬರೋದು ಕಷ್ಟ, ಒಂದು ಟವರ್ ಮುಟ್ಟೋ ಜಾಗಾನೂ ಚಿಕ್ಕದಾಗುತ್ತೆ, ಅದಕ್ಕೇ ಟವರ್‌ಗಳನ್ನ ಹತ್ರಹತ್ರ ಹಾಕ್ಬೇಕು. ಚಿಕ್ಕಪೇಟೆಯಂಥ ಜನ ತುಂಬಿರೋ ಕಡೆ ಸೆಲ್ (ಒಂದು ಟವರ್ ಮುಟ್ಟೋ ಜಾಗ) ಚಿಕ್ಕದಾಗಿರೋದೇ ಒಳ್ಳೇದು ಕೂಡ, ಯಾಕಂದ್ರೆ ಇರೋ ಸ್ವಲ್ಪ ಫ್ರೀಕ್ವೆನ್ಸಿಗಳನ್ನೇ ಸ್ವಲ್ಪ ದೂರದ ಸೆಲ್‌ನಲ್ಲಿ ಮತ್ತೆ ಬಳಸ್ಬಹುದು, ಹಳೇ ಜಿಎಸ್ಎಂ (2ಜಿ) ನೆಟ್‌ವರ್ಕ್‌ನಲ್ಲಿ ಅಕ್ಕಪಕ್ಕದ ಸೆಲ್‌ಗಳಿಗೆ ಒಂದೇ ಫ್ರೀಕ್ವೆನ್ಸಿ ಕೊಡ್ತಿರ್ಲಿಲ್ಲ, ಕೊಟ್ರೆ ಒಂದಕ್ಕೊಂದು ಅಡ್ಡ ಬರುತ್ತೆ. ಸಂಖ್ಯೆಗೂ ಉದ್ದಕ್ಕೂ ಒಂದೇ ಹೆಸರಿಟ್ರೆ ಇದ್ಯಾವುದೂ ಮಕ್ಕಳ ತಲೆಗೆ ಹೋಗಲ್ಲ.

ಉದ್ದಕ್ಕೆ ಶಾಲೆ ಪುಸ್ತಕದ 'ತರಂಗದೂರ' ಚೆನ್ನಾಗಿದೆ, ಅದನ್ನ ಬದಲಾಯಿಸಲ್ಲ. ಫ್ರೀಕ್ವೆನ್ಸಿಗೆ ಅದೇ ಪುಸ್ತಕದಲ್ಲಿ 'ಆವೃತ್ತಿ' ಇದೆ, ಆದ್ರೆ 'ಎರಡನೇ ಆವೃತ್ತಿ' ಅಂದ ತಕ್ಷಣ ಎಲ್ರಿಗೂ ಪುಸ್ತಕದ ಮುದ್ರಣ ನೆನಪಾಗುತ್ತೆ. ರೇಡಿಯೋ ಕೇಳೋರಿಗೆ ಗೊತ್ತಿರೋ 'ಕಂಪನಾಂಕ' ನನಗೆ ಹೆಚ್ಚು ಹಿಡಿಸಿದೆ, ಅಂಕಿ ಅನ್ನೋದು ಪದದಲ್ಲೇ ಇದೆ. ಸ್ಪೆಕ್ಟ್ರಂಗೆ 'ರೋಹಿತ' ಅಂದ್ರೆ ಬೆಳಕಿನ ಏಳು ಬಣ್ಣಕ್ಕೇ ಮನಸ್ಸು ಹೋಗುತ್ತೆ, ಅಲ್ಲಿ ಸ್ಪೆಕ್ಟ್ರಂ ಅಂತಲೇ ಬಿಡೋದು ವಾಸಿ ಅನ್ಸುತ್ತೆ.

ಸೆಲ್ಲನ್ನ 'ಕೋಶ' ಮಾಡಲ್ಲ, ಸೆಲ್ ಅಂತಲೇ ಇರ್ಲಿ. ಮೆಟ್ರೋದಲ್ಲಿ ಇಂದಿರಾನಗರ ದಾಟೋವಾಗ ಕಾಲ್ ಕಟ್ಟಾಗದೇ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗುತ್ತಲ್ಲ, ಆ ಹ್ಯಾಂಡೋವರ್‌ಗೆ 'ಹಸ್ತಾಂತರ' ಸಾಕು, ಸೈಟ್ ಪತ್ರ ಕೈಬದಲಾದ ಹಾಗೆ ಕೇಳಿಸಿದ್ರೂ ಅರ್ಥ ಸರಿಯಾಗಿದೆ.

ದೂರವಾಣಿನಗರದ ಐಟಿಐ ಟೆಲಿಫೋನ್ ಫ್ಯಾಕ್ಟರಿಲಿ ಕೆಲ್ಸ ಮಾಡಿದೋರು, ಆಕಾಶವಾಣಿಲಿ ಇದ್ದೋರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ನಿಮ್ಮಲ್ಲಿ ಕನ್ನಡದಲ್ಲಿ ಮಾತಾಡ್ವಾಗ ಫ್ರೀಕ್ವೆನ್ಸಿಗೆ ಏನಂತಿದ್ರಿ? 'ಕಂಪನಾಂಕ' ಇಟ್ಕೊಂಡ್ರೆ ಯಾರಿಗಾದ್ರೂ ತಕರಾರಿದೆಯಾ?